ಸೋಲ್ಡರ್‌ಗೂ ಜಾತಕ ಬೇಕು: ‘ಕಾನ್‌ಫ್ಲಿಕ್ಟ್ ಮಿನರಲ್ಸ್’ ಫಾರ್ಮ್ ತುಂಬುವುದು ಹೇಗೆ

ಜನವರಿ ಬಂತೆಂದರೆ ಈ ಮೇಲ್‌ಗಳು ಶುರು. ಅಮೆರಿಕದ ಗಿರಾಕಿ ಇದ್ದರೆ ನೇರವಾಗಿ ಅವರಿಂದ, ಇಲ್ಲದಿದ್ದರೆ ಅವರಿಗೆ ಮಾಲು ಕೊಡುವ ಇಲ್ಲಿನ ದೊಡ್ಡ ಕಂಪನಿಯಿಂದ. ‘ಕಾನ್‌ಫ್ಲಿಕ್ಟ್ ಮಿನರಲ್ಸ್ ಡಿಕ್ಲರೇಷನ್ ಎರಡು ವಾರದೊಳಗೆ ಕಳಿಸಿ’ ಅಂತ ಎರಡು ಸಾಲು, ಜೊತೆಗೊಂದು ಎಕ್ಸೆಲ್ ಫೈಲ್. ಪೀಣ್ಯದಲ್ಲಿ ಮೂವತ್ತು ನಲವತ್ತು ಜನ ಕೆಲಸ ಮಾಡುವ ಘಟಕದಲ್ಲಿ ಇದಕ್ಕೆಲ್ಲ ಬೇರೆ ವಿಭಾಗ ಎಲ್ಲಿರುತ್ತದೆ? ಪರ್ಚೇಸ್‌ನವರು ಕ್ವಾಲಿಟಿಯವರಿಗೆ ತಳ್ಳುತ್ತಾರೆ, ಕ್ವಾಲಿಟಿಯವರು ಅಕೌಂಟ್ಸ್‌ಗೆ ತಳ್ಳುತ್ತಾರೆ, ಕೊನೆಗೆ ಇಂಗ್ಲಿಷ್ ಮೇಲ್‌ಗೆಲ್ಲ ಉತ್ತರ ಬರೆಯುವ ಯಾರೋ ಒಬ್ಬರ ತಲೆಗೆ ಬಂದು ಕೂರುತ್ತದೆ.

ನಮ್ಮಲ್ಲಿ ಆ ತಲೆ ನನ್ನದು. ಮೊದಲ ವರ್ಷ ನಾನು ಮಾಡಿದ್ದು ಬಹುತೇಕ ಎಲ್ಲರೂ ಮಾಡುವುದನ್ನೇ. ಲೆಟರ್‌ಹೆಡ್ ತೆಗೆದು ‘ನಾವು ಯಾವುದೇ ಕಾನ್‌ಫ್ಲಿಕ್ಟ್ ಮಿನರಲ್ ಬಳಸುವುದಿಲ್ಲ’ ಅಂತ ಒಂದು ಸಾಲು ಟೈಪ್ ಮಾಡಿ, ಸೀಲು ಒತ್ತಿ, ಯಜಮಾನರ ಸಹಿ ಹಾಕಿಸಿ ಕಳಿಸಿದೆ. ನಾಲ್ಕೇ ದಿನಕ್ಕೆ ವಾಪಸ್ ಬಂತು. ‘ನೀವು ಕೊಡುವುದು ಸರ್ಕ್ಯೂಟ್ ಬೋರ್ಡ್. ಸೋಲ್ಡರ್ ಇಲ್ಲದೆ ಅದನ್ನು ಹೇಗೆ ಜೋಡಿಸುತ್ತೀರಿ?’ ಅಂತ ಕೇಳಿದ್ದರು. ಸೋಲ್ಡರ್ ಅಂದರೆ ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯಲು ಕರಗಿಸುವ ಲೋಹ, ಅದರಲ್ಲಿ ಮುಖ್ಯವಾದದ್ದು ತವರ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗೆ ಆ ಮುಜುಗರ ಬೇಡ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು, ಅವರು ಕೇಳುತ್ತಿರುವುದು ಏನು?

ನಾಲ್ಕು ಲೋಹಗಳ ವಿಷಯ ಅಷ್ಟೇ: ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ. ಇಂಗ್ಲಿಷಿನಲ್ಲಿ ಮೂರು ಟಿ, ಒಂದು ಜಿ, ಅದಕ್ಕೇ ‘ತ್ರೀ ಟಿಜಿ’ ಅನ್ನುತ್ತಾರೆ. ತವರ ಅಂದರೆ ಹೊಸದೇನಲ್ಲ, ಅಜ್ಜಿ ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿ ಅದೇ. ಕ್ಯಾಸಿಟರೈಟ್ ಅನ್ನುವ ಅದಿರಿನಿಂದ ತವರ ಬರುತ್ತದೆ, ಕೋಲ್ಟಾನ್‌ನಿಂದ ಟ್ಯಾಂಟಲಮ್, ವುಲ್ಫ್ರಮೈಟ್‌ನಿಂದ ಟಂಗ್‌ಸ್ಟನ್. ಇವು ಸಿಗುವ ಜಾಗಗಳಲ್ಲಿ ಮುಖ್ಯವಾದ ಒಂದು, ಆಫ್ರಿಕಾದ ಡೆಮಾಕ್ರಟಿಕ್ ರಿಪಬ್ಲಿಕ್ ಆಫ್ ಕಾಂಗೋ ದೇಶದ ಪೂರ್ವ ಭಾಗ. ಅಲ್ಲಿ ಉತ್ತರ ಕಿವು, ದಕ್ಷಿಣ ಕಿವು ಅಂತ ಎರಡು ಪ್ರಾಂತಗಳಿವೆ. ಹಾರೆ, ಗುದ್ದಲಿ ಹಿಡಿದ ಬಡವರು ಗುಡ್ಡ ಅಗೆದು ಅದಿರು ತೆಗೆಯುತ್ತಾರೆ. ಬಂದೂಕು ಹಿಡಿದವರು ಗಣಿಯ ಬಾಯಲ್ಲಿ, ದಾರಿಯ ಅಡ್ಡಗಟ್ಟೆಯಲ್ಲಿ ನಿಂತು ವಸೂಲಿ ಮಾಡುತ್ತಾರೆ. ಆ ದುಡ್ಡಲ್ಲಿ ಮತ್ತಷ್ಟು ಬಂದೂಕು ಬರುತ್ತದೆ. ಕಾಂಗೋದ ದೊಡ್ಡ ಯುದ್ಧ 2003ರಲ್ಲಿ ಮುಗಿಯಿತು ಅಂತ ಪುಸ್ತಕದಲ್ಲಿದೆ, ಪೂರ್ವದಲ್ಲಿ ಅದು ಇನ್ನೂ ನಿಂತಿಲ್ಲ. ರುಬಾಯಾ ಅನ್ನುವ ಊರಿನ ಸುತ್ತಲ ಗಣಿಗಳಿಂದ ಜಗತ್ತಿನ ಟ್ಯಾಂಟಲಮ್‌ನಲ್ಲಿ ಸುಮಾರು ಶೇ. 15 ಬರುತ್ತದೆ ಅನ್ನುವ ಅಂದಾಜಿದೆ. 2024ರಲ್ಲಿ ಎಂ23 ಎಂಬ ಬಂಡುಕೋರ ಗುಂಪು ಆ ಊರನ್ನು ಹಿಡಿಯಿತು, 2025ರ ಜನವರಿಯಲ್ಲಿ ಗೋಮಾ ನಗರವನ್ನೂ ಹಿಡಿಯಿತು. ಬುಕಾವು ಊರಿನ ಪಾಂಜಿ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೆ ಸಿಕ್ಕ ಸಾವಿರಾರು ಹೆಂಗಸರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಡೆನಿಸ್ ಮುಕ್ವೆಗೆ ಅವರಿಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರು ಆವತ್ತಿನ ಭಾಷಣದಲ್ಲೂ ನಮ್ಮ ಫೋನಿನೊಳಗಿನ ಖನಿಜಗಳ ಮಾತು ಎತ್ತಿದ್ದರು.

ಈಗ ಕಾನೂನು. ಅಮೆರಿಕದಲ್ಲಿ 2010ರ ಡಾಡ್-ಫ್ರ್ಯಾಂಕ್ ಕಾಯ್ದೆ ಬ್ಯಾಂಕುಗಳಿಗೆ ಮೂಗುದಾರ ಹಾಕಲು ಬಂದದ್ದು. ಅದರೊಳಗೆ 1502 ಅನ್ನುವ ಒಂದು ಸೆಕ್ಷನ್ ಸೇರಿಸಿದರು. ಅಮೆರಿಕದ ಷೇರು ನಿಯಂತ್ರಕರಿಗೆ ಲೆಕ್ಕ ಒಪ್ಪಿಸುವ ಕಂಪನಿ ತನ್ನ ಉತ್ಪನ್ನದಲ್ಲಿ ಈ ನಾಲ್ಕು ಲೋಹ ಇದ್ದರೆ, ಅವು ಕಾಂಗೋ ಮತ್ತು ಅದರ ಸುತ್ತಲ ಒಂಬತ್ತು ದೇಶಗಳಿಂದ ಬಂದಿವೆಯಾ ಅಂತ ವಿಚಾರಿಸಿ ಪ್ರತಿ ವರ್ಷ ಮೇ 31ರೊಳಗೆ ವರದಿ ಕೊಡಬೇಕು. ಮೊದಲ ವರದಿಗಳು ಬಂದದ್ದು 2014ರಲ್ಲಿ. ಯುರೋಪಿನ ನಿಯಮ 2021ರ ಜನವರಿ 1ರಿಂದ ಜಾರಿಯಲ್ಲಿದೆ, ಆದರೆ ಅದು ಅದಿರು, ಲೋಹ ಆಮದು ಮಾಡಿಕೊಳ್ಳುವವರ ಮೇಲೆ. ನಮ್ಮಂಥವರಿಗೆ ಈ ಎರಡೂ ನೇರವಾಗಿ ತಟ್ಟುವುದಿಲ್ಲ. ಗಿರಾಕಿಗೆ ತಟ್ಟುತ್ತದೆ, ಗಿರಾಕಿ ನಮ್ಮನ್ನು ಕೇಳುತ್ತಾನೆ. ಮೇ 31 ನೆನಪಿಟ್ಟುಕೊಂಡರೆ ಜನವರಿಯಲ್ಲಿ ಯಾಕೆ ಅಷ್ಟು ಅವಸರ ಮಾಡುತ್ತಾರೆ ಅಂತ ತಿಳಿಯುತ್ತದೆ.

ನಾನು ಎಡವಿದ್ದು ಇಲ್ಲಿ

ಆ ಕಾಯ್ದೆಯಲ್ಲಿ ‘ಕಾನ್‌ಫ್ಲಿಕ್ಟ್ ಮಿನರಲ್’ ಅಂದರೆ ಯುದ್ಧದ ಜಾಗದಿಂದ ಬಂದ ಖನಿಜ ಅಂತ ಅರ್ಥ ಅಲ್ಲ. ಈ ನಾಲ್ಕು ಲೋಹ ಎಲ್ಲಿಂದಲೇ ಬಂದಿರಲಿ, ಅದಕ್ಕೆ ಹೆಸರೇ ಅದು. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಚಿನ್ನವೂ ಆ ಕಾಯ್ದೆಯ ಕಣ್ಣಲ್ಲಿ ಕಾನ್‌ಫ್ಲಿಕ್ಟ್ ಮಿನರಲ್ಲೇ. ವಿಚಿತ್ರ ಅನಿಸುತ್ತದೆ, ಆದರೆ ಹಾಗೇ ಇದೆ. ಹಾಗಾಗಿ ‘ನಾವು ಬಳಸುವುದಿಲ್ಲ’ ಅಂತ ಬರೆದರೆ ‘ನಮ್ಮ ಬೋರ್ಡಿನಲ್ಲಿ ತವರವೇ ಇಲ್ಲ’ ಅಂದ ಹಾಗೆ. ಅದು ಸುಳ್ಳು, ಅದರ ಮೇಲೆ ನಿಮ್ಮ ಸೀಲು ಬೇರೆ. ಸರಿಯಾದ ಉತ್ತರ: ಹೌದು, ಬಳಸುತ್ತೇವೆ, ಅದು ಯಾವ ಸ್ಮೆಲ್ಟರ್‌ನಿಂದ, ಅಂದರೆ ಅದಿರು ಕರಗಿಸುವ ಯಾವ ಕಾರ್ಖಾನೆಯಿಂದ, ಬಂತು ಅಂತ ಪಟ್ಟಿ ಕೊಡುತ್ತೇವೆ.

ನಿಮ್ಮ ಮಾಲಿನಲ್ಲಿ ಎಲ್ಲೆಲ್ಲಿದೆ ಅಂತ ಹುಡುಕಿ

ಫಾರ್ಮ್ ಆಮೇಲೆ. ಮೊದಲು ಬಿಲ್ ಆಫ್ ಮೆಟೀರಿಯಲ್, ಅಂದರೆ ಮಾಲಿಗೆ ಏನೇನು ಹಾಕುತ್ತೇವೆ ಅನ್ನುವ ಪಟ್ಟಿ, ಪ್ರಿಂಟ್ ತೆಗೆದು ನಾಲ್ಕು ಬಣ್ಣದ ಹೈಲೈಟರ್ ಹಿಡಿದು ಕೂರಿ. ನಾನು ಈಗಲೂ ಹಾಗೇ ಮಾಡುವುದು. ಸ್ಟೋರ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕಂಪ್ಯೂಟರಿನಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ತವರ ಎಲ್ಲಕ್ಕಿಂತ ಜಾಸ್ತಿ ಸಿಗುತ್ತದೆ. ಸೀಸವಿಲ್ಲದ ಸೋಲ್ಡರ್ ಸ್ಯಾಕ್ 305ರಲ್ಲಿ ಶೇ. 96.5 ತವರವೇ, ಉಳಿದದ್ದು ಶೇ. 3 ಬೆಳ್ಳಿ, ಶೇ. 0.5 ತಾಮ್ರ. ಸೀಸ ಬೆರೆತ ಹಳೇ 63/37 ಸೋಲ್ಡರ್ ವೈರ್‌ನಲ್ಲಿ ಶೇ. 63. ಸೋಲ್ಡರ್ ಇಲ್ಲದವರು ಬಚಾವಾದೆವು ಅಂದುಕೊಳ್ಳಬೇಡಿ. ವೈರ್ ಹಾರ್ನೆಸ್ ಮಾಡುವವರ ಟರ್ಮಿನಲ್‌ಗೆ ತವರದ ಲೇಪನ ಇರುತ್ತದೆ, ಕಲಾಯಿ ಹಾಕಿದ ತಾಮ್ರದ ತಂತಿ ಇರುತ್ತದೆ, ಸ್ವಿಚ್ಚಿನೊಳಗಿನ ಫಾಸ್ಫರ್ ಬ್ರಾಂಜ್ ಸ್ಪ್ರಿಂಗ್‌ನಲ್ಲಿ, ಗನ್‌ಮೆಟಲ್ ಬುಷ್‌ನಲ್ಲಿ ಕೂಡ ತವರ ಇದೆ. ಮೆಶಿನ್ ಶಾಪ್‌ನವರು ಬುಷ್ ಮಾತ್ರ ಮಾಡುವುದು ಅಂತ ಸುಮ್ನೆ ಕೂತಿರುತ್ತಾರೆ, ಅವರಿಗೂ ಈ ಮೇಲ್ ಬರುತ್ತದೆ.

ಚಿನ್ನ ಸಣ್ಣ ಪ್ರಮಾಣದಲ್ಲಿ ಅಡಗಿರುತ್ತದೆ. ಬೋರ್ಡಿನ ಹೊಂಬಣ್ಣದ ಪ್ಯಾಡ್, ಕನೆಕ್ಟರ್ ಪಿನ್, ಐಸಿ (ಚಿಪ್) ಒಳಗಿನ ಕೂದಲಿಗಿಂತ ತೆಳು ತಂತಿ. ‘ಇಷ್ಟು ಚೂರಿಗೆ ಏನು’ ಅನ್ನುವ ಹಾಗಿಲ್ಲ, ಅಮೆರಿಕದ ನಿಯಮದಲ್ಲಿ ಇಷ್ಟಕ್ಕಿಂತ ಕಡಿಮೆ ಇದ್ದರೆ ಬಿಡಬಹುದು ಅನ್ನುವ ಗೆರೆಯೇ ಇಲ್ಲ. ಟ್ಯಾಂಟಲಮ್ ಗುರುತಿಸುವುದು ಸುಲಭ: ಪುಟ್ಟ ಹಳದಿ ಇಟ್ಟಿಗೆಯ ಹಾಗಿರುವ ಕೆಪಾಸಿಟರ್, ಪಟ್ಟಿ ಎಳೆದಿರುವ ಕಡೆ ಪ್ಲಸ್. ಟಂಗ್‌ಸ್ಟನ್ ಬಲ್ಬಿನ ತಂತಿಯಲ್ಲಿ, ಗಾಡಿ ಹಾರ್ನಿನ ಕಾಂಟ್ಯಾಕ್ಟ್‌ನಲ್ಲಿ, ಐಸಿಗಳ ಒಳಗೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಲೇತ್‌ಗೆ ಹಾಕುವ ಕಾರ್ಬೈಡ್ ಟಿಪ್, ಟಿಗ್ ವೆಲ್ಡಿಂಗ್‌ನ ಎಲೆಕ್ಟ್ರೋಡ್ ಇವೆಲ್ಲ ಟಂಗ್‌ಸ್ಟನ್ ಹೌದು, ಆದರೆ ಅವು ಉಪಕರಣ, ಗಿರಾಕಿಗೆ ಹೋಗುವ ಪೀಸ್‌ನ ಭಾಗವಲ್ಲ, ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೇ ಉಕ್ಕಿನಲ್ಲಿ ತಾನಾಗಿ ಬೆರೆತ ಕಲಬೆರಕೆ ತವರವೂ ಬೇಡ. ನಾವೋ, ನಮಗೆ ಮಾಲು ಕೊಟ್ಟವರೋ ಬೇಕು ಅಂತ ಹಾಕಿದ್ದು, ಮಾಲಿನಲ್ಲಿ ಉಳಿದದ್ದು, ಅಷ್ಟೇ ಲೆಕ್ಕ.

ಸ್ಮೆಲ್ಟರ್ ಅಂದರೆ ಡಮರುಗದ ನಡು

ಒಂದು ಬದಿಯಲ್ಲಿ ಲೆಕ್ಕವಿಲ್ಲದಷ್ಟು ಗಣಿ, ಇನ್ನೊಂದು ಬದಿಯಲ್ಲಿ ಲೆಕ್ಕವಿಲ್ಲದಷ್ಟು ಕಾರ್ಖಾನೆ. ನಡುವೆ ಅದಿರು ಕರಗಿಸಿ ಶುದ್ಧ ಲೋಹ ಮಾಡುವ ಸ್ಮೆಲ್ಟರ್‌ಗಳು ಜಗತ್ತಿಗೆಲ್ಲ ಸೇರಿ ಕೆಲವು ನೂರು ಅಷ್ಟೇ. ಡಮರುಗದ ನಡು ಇದ್ದ ಹಾಗೆ. ಕರಗಿದ ಮೇಲೆ ಕಾಂಗೋ ತವರ, ಪೆರು ತವರ ಅಂತ ಯಾರೂ ಬೇರೆ ಮಾಡಲಾರರು, ಆದ್ದರಿಂದ ಹಿಡಿಯುವುದಾದರೆ ಅಲ್ಲೇ ಹಿಡಿಯಬೇಕು. ರೆಸ್ಪಾನ್ಸಿಬಲ್ ಮಿನರಲ್ಸ್ ಇನಿಶಿಯೇಟಿವ್, ಚಿಕ್ಕದಾಗಿ ಆರ್‌ಎಮ್‌ಐ, ಅನ್ನುವ ಸಂಸ್ಥೆ ಈ ಸ್ಮೆಲ್ಟರ್‌ಗಳಿಗೆ ಹೊರಗಿನ ಆಡಿಟರ್‌ಗಳನ್ನು ಕಳಿಸುತ್ತದೆ. ಪಾಸಾದವರಿಗೆ ‘ಕನ್‌ಫಾರ್ಮಂಟ್’, ಆಡಿಟ್‌ಗೆ ಒಪ್ಪಿ ದಾರಿಯಲ್ಲಿರುವವರಿಗೆ ‘ಆಕ್ಟಿವ್’ ಅಂತ ಹೆಸರು. ಪ್ರತಿ ಸ್ಮೆಲ್ಟರ್‌ಗೆ ಒಂದು ನಂಬರ್ ಇದೆ, ‘ಸಿಐಡಿ’ ಅಂತ ಶುರುವಾಗಿ ಆರು ಅಂಕಿ. ನಮ್ಮ ಸ್ಟೋರ್‌ನವರು ಮೊದಲ ಸಲ ‘ಸಿಐಡಿ ನಂಬರ್ ಕೇಳುತ್ತಿದ್ದಾರೆ’ ಅಂದಾಗ ಯಜಮಾನರು ಗಾಬರಿಯಾಗಿದ್ದರು. ಪೊಲೀಸ್ ಸಿಐಡಿ ಅಲ್ಲ ಇದು.

ನೆನಪಿಡಿ: ಸೋಲ್ಡರ್ ವೈರ್ ಮಾಡುವ ಕಂಪನಿ ಸ್ಮೆಲ್ಟರ್ ಅಲ್ಲ. ಅದು ಗಟ್ಟಿ ತವರ ಕೊಂಡು ವೈರ್ ಎಳೆಯುತ್ತದೆ. ಬೋರ್ಡ್ ಮಾಡಿಕೊಡುವವರೂ ಅಲ್ಲ, ಪ್ಲೇಟಿಂಗ್‌ನವರೂ ಅಲ್ಲ, ಡಿಸ್ಟ್ರಿಬ್ಯೂಟರ್ ಅಂತೂ ಅಲ್ಲವೇ ಅಲ್ಲ. ಸ್ಮೆಲ್ಟರ್ ಪಟ್ಟಿಯಲ್ಲಿ ಇವರ ಹೆಸರು ತುಂಬಿ ಕಳಿಸುವವರು ತುಂಬಾ ಜನ. ಮಲೇಷ್ಯಾ ಸ್ಮೆಲ್ಟಿಂಗ್ ಕಾರ್ಪೊರೇಷನ್, ಥಾಯ್ಲೆಂಡಿನ ಥೈಸಾರ್ಕೋ, ಪೆರುವಿನ ಮಿನ್ಸುರ್, ಇಂಡೊನೇಷ್ಯಾದ ಪಿಟಿ ತಿಮಾ ಇಂಥವು ನಿಜವಾದ ತವರದ ಸ್ಮೆಲ್ಟರ್‌ಗಳು.

ಸಪ್ಲೈಯರ್‌ಗಳನ್ನು ಕೇಳುವ ಕೆಲಸ

ಕಷ್ಟ ಇರುವುದು ಇದರಲ್ಲೇ, ಫಾರ್ಮ್‌ನಲ್ಲಲ್ಲ. ನಿಮ್ಮ ಹೈಲೈಟರ್ ಪಟ್ಟಿಯಲ್ಲಿ ಬಂದ ಪ್ರತಿಯೊಬ್ಬ ಸಪ್ಲೈಯರ್‌ಗೂ ಅದೇ ಎಕ್ಸೆಲ್ ಕಳಿಸಬೇಕು. ಅದರ ಹೆಸರು ಸಿಎಮ್‌ಆರ್‌ಟಿ, ಆರ್‌ಎಮ್‌ಐ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಯಾವಾಗಲೂ ಹೊಸ ಆವೃತ್ತಿಯನ್ನೇ ಇಳಿಸಿಕೊಳ್ಳಿ, ಹಳೆಯದು ಕಳಿಸಿದರೆ ಗಿರಾಕಿಯ ಸಾಫ್ಟ್‌ವೇರ್ ಒದ್ದು ವಾಪಸ್ ಮಾಡುತ್ತದೆ. ಜನವರಿಯ ತನಕ ಕಾಯದೆ ದೀಪಾವಳಿ ಮುಗಿದ ಕೂಡಲೇ ಕಳಿಸಿ.

ದೊಡ್ಡ ಕೆಪಾಸಿಟರ್, ಐಸಿ, ಕನೆಕ್ಟರ್ ಕಂಪನಿಗಳನ್ನು ಕೇಳುವ ಗೋಜಿಲ್ಲ, ಬಹಳಷ್ಟು ಕಂಪನಿಗಳು ತಮ್ಮ ಸಿಎಮ್‌ಆರ್‌ಟಿಯನ್ನು ಜಾಲತಾಣದಲ್ಲೇ ಇಟ್ಟಿರುತ್ತವೆ. ಮಧ್ಯದವರು, ಅಂದರೆ ಸೋಲ್ಡರ್ ಬ್ರ್ಯಾಂಡ್‌ಗಳು, ಬೋರ್ಡ್ ಮಾಡುವವರು, ಎರಡು ಮೂರು ಸಲ ನೆನಪಿಸಿದರೆ ಕೊಡುತ್ತಾರೆ. ಪೇಚಾಟ ಇರುವುದು ಚಿಲ್ಲರೆ ಖರೀದಿಯಲ್ಲಿ. ಅರ್ಜೆಂಟಿಗೆ ಎಸ್‌ಪಿ ರೋಡ್‌ಗೆ ಹುಡುಗನನ್ನು ಓಡಿಸಿ ಎರಡು ರೋಲ್ ಸೋಲ್ಡರ್, ಒಂದು ರೀಲ್ ಕೆಪಾಸಿಟರ್ ತರಿಸುತ್ತೇವೆ ಅಲ್ವಾ, ಆ ಮಾಲಿಗೆ ಯಾವ ಕಾಗದವೂ ಇಲ್ಲ. ನಾನು ಒಮ್ಮೆ ಅಲ್ಲೊಂದು ಅಂಗಡಿಯಲ್ಲಿ ಕೇಳಿಯೇಬಿಟ್ಟೆ. ‘ಏನ್ ಸಾರ್, ಸೋಲ್ಡರ್‌ಗೂ ಜಾತಕ ಕೇಳ್ತೀರಾ?’ ಅಂತ ನಕ್ಕರು. ಹೌದು ಸ್ವಾಮಿ, ಕೇಳಬೇಕಾಗಿದೆ. ಅವತ್ತಿನಿಂದ ರಫ್ತಿನ ಮಾಲಿಗೆ ಬೇಕಾದ ಸೋಲ್ಡರನ್ನು ಒಂದೇ ಬ್ರ್ಯಾಂಡ್, ಒಂದೇ ಡೀಲರ್ ಅಂತ ಮಾಡಿಕೊಂಡೆವು, ಅರ್ಜೆಂಟ್ ಬಾರದ ಹಾಗೆ ಒಂದು ತಿಂಗಳ ಸ್ಟಾಕ್ ಇಟ್ಟೆವು. ರೇಟು ಸ್ವಲ್ಪ ಜಾಸ್ತಿಯಾಯಿತು, ಇಲ್ಲ ಅನ್ನುವುದಿಲ್ಲ.

‘ನಮ್ಮಲ್ಲಿ ಅಂಥದ್ದಿಲ್ಲ’ ಅಂತ ಲೆಟರ್‌ಹೆಡ್ ಪತ್ರ ಬಂದರೆ ಒಪ್ಪಬೇಡಿ. ನಾನು ಕಳಿಸಿದ್ದ ಪತ್ರದ ತಮ್ಮ ಅದು.

ಈಗ ಎಕ್ಸೆಲ್ ತೆರೆಯಿರಿ

ಭಾಷೆ ಆರಿಸುವ ಪಟ್ಟಿಯಲ್ಲಿ ಕನ್ನಡ ಇಲ್ಲ, ಇಂಗ್ಲಿಷಿನಲ್ಲೇ ಹೋಗಬೇಕು. ಡಿಕ್ಲರೇಷನ್ ಹಾಳೆಯಲ್ಲಿ ಹಳದಿ ಬಣ್ಣದ ಖಾನೆಗಳು ಕಡ್ಡಾಯ. ಮೊದಲು ಸ್ಕೋಪ್: ಇಡೀ ಕಂಪನಿಯ ಪರವಾಗಿ ಹೇಳುತ್ತೀರೋ, ಕೆಲವು ಉತ್ಪನ್ನಗಳ ಬಗ್ಗೆ ಮಾತ್ರವೋ. ಒಬ್ಬ ಗಿರಾಕಿಗೆ ಹೋಗುವ ನಾಲ್ಕು ಮಾಡೆಲ್‌ಗಳ ಲೆಕ್ಕ ಸರಿಯಾಗಿದ್ದರೆ ಉತ್ಪನ್ನದ ಪಟ್ಟಿಯನ್ನೇ ಆರಿಸಿ, ಉತ್ತರ ಹೆಚ್ಚು ಖಚಿತವಾಗಿರುತ್ತದೆ.

ಮುಂದೆ ಎಂಟು ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಲೋಹಕ್ಕೆ ಬೇರೆ ಬೇರೆ ಉತ್ತರ. ಮೊದಲನೆಯದು ಬೇಕು ಅಂತ ಹಾಕಿದ್ದೀರಾ, ಎರಡನೆಯದು ಮಾಲಿನಲ್ಲಿ ಉಳಿಯುತ್ತದಾ. ಎರಡಕ್ಕೂ ‘ಎಸ್’ ಅಂದ ಲೋಹಕ್ಕೆ ಮಾತ್ರ ಮುಂದಿನ ಪ್ರಶ್ನೆಗಳು. ಇವೆರಡಕ್ಕೆ ಉತ್ತರ ನಿಮ್ಮ ಹೈಲೈಟರ್ ಕಾಗದದಲ್ಲೇ ಇದೆ.

ಮೂರು, ನಾಲ್ಕನೆಯ ಪ್ರಶ್ನೆಗಳಲ್ಲಿ ಕೈ ನಡುಗುತ್ತದೆ. ನಿಮ್ಮ ಸ್ಮೆಲ್ಟರ್‌ಗಳು ಕಾಂಗೋ ಮತ್ತು ಸುತ್ತಲಿನ ದೇಶಗಳಿಂದ ಅದಿರು ತರಿಸುತ್ತವಾ, ಬೇರೆ ಗಲಭೆಯ ಪ್ರದೇಶಗಳಿಂದ ತರಿಸುತ್ತವಾ? ‘ನೋ’ ಒತ್ತಿಬಿಡೋಣ ಅನಿಸುತ್ತದೆ. ಒತ್ತಬೇಡಿ. ಸಪ್ಲೈಯರ್ ಪತ್ರದಲ್ಲಿ ‘ಎಸ್’ ಇದ್ದರೆ ನೀವೂ ‘ಎಸ್’ ಅನ್ನಲೇಬೇಕು. ‘ಅನ್‌ನೋನ್’ ಅನ್ನುವ ಆಯ್ಕೆಯೂ ಇದೆ, ಅದನ್ನು ಇಟ್ಟಿರುವುದೇ ಒತ್ತಲಿಕ್ಕೆ. ಇನ್ನೊಂದು ಮಾತು, ‘ಎಸ್’ ಅಂದರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಕಾಂಗೋದಿಂದ ತಂದರೂ ಆಡಿಟ್ ಪಾಸಾದ ಸ್ಮೆಲ್ಟರ್‌ಗಳಿವೆ.

ಐದನೆಯದು, ಲೋಹ ಪೂರ್ತಿ ಮರುಬಳಕೆಯದ್ದೇನು ಅಂತ. ಸೋಲ್ಡರ್ ಪಾಟ್‌ನ ಡ್ರಾಸ್, ಅಂದರೆ ಮೇಲೆ ಕಟ್ಟುವ ಕಿಟ್ಟ, ಗುಜರಿಗೆ ಕೊಡುತ್ತೇವೆ, ಅದಕ್ಕೇ ಎಸ್ ಅಂತ ನಮ್ಮ ಸೂಪರ್‌ವೈಸರ್ ವಾದ ಮಾಡಿದ್ದರು. ನೀವು ಮಾರಿದ್ದಲ್ಲ, ಕೊಂಡಿದ್ದು ಮರುಬಳಕೆಯದ್ದೋ ಅನ್ನುವುದು ಪ್ರಶ್ನೆ.

ಆರನೆಯದರಲ್ಲಿ ಎಷ್ಟು ಸಪ್ಲೈಯರ್‌ಗಳು ಉತ್ತರ ಕೊಟ್ಟರು ಅಂತ ಶೇಕಡಾವಾರು. ಹತ್ತರಲ್ಲಿ ಎಂಟು ಜನ ಕೊಟ್ಟಿದ್ದರೆ ‘ಶೇ. 75ಕ್ಕಿಂತ ಹೆಚ್ಚು’. ಏಳನೆಯದು, ಎಲ್ಲ ಸ್ಮೆಲ್ಟರ್‌ಗಳನ್ನೂ ಗುರುತಿಸಿದ್ದೀರಾ. ಆರಕ್ಕೆ ಶೇ. 75 ಅಂದು ಏಳಕ್ಕೆ ‘ಎಸ್’ ಅಂದರೆ ಲೆಕ್ಕ ತಾಳೆಯಾಗುವುದಿಲ್ಲ, ಗಿರಾಕಿ ಕಡೆಯವರು ಮೊದಲು ನೋಡುವುದೇ ಇದನ್ನು. ಎಂಟನೆಯದು, ನಿಮಗೆ ಸಿಕ್ಕ ಸ್ಮೆಲ್ಟರ್ ಮಾಹಿತಿಯನ್ನೆಲ್ಲ ಹಾಕಿದ್ದೀರಾ ಅಂತ. ಸಂಶಯದ ಹೆಸರನ್ನು ಪಟ್ಟಿಯಿಂದ ಮೆಲ್ಲಗೆ ಅಳಿಸಿದರೆ ಇಲ್ಲಿ ಸುಳ್ಳಾಗುತ್ತದೆ.

ಸ್ಮೆಲ್ಟರ್ ಲಿಸ್ಟ್ ಹಾಳೆಯಲ್ಲಿ ಮೊದಲ ಕಾಲಮ್‌ಗೆ ಸಿಐಡಿ ನಂಬರ್ ಹಾಕಿದರೆ ಹೆಸರು, ದೇಶ ತಾವಾಗಿ ತುಂಬಿಕೊಳ್ಳುತ್ತವೆ. ಹೆಸರನ್ನು ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ. ಬೇರೆ ಬೇರೆ ಸಪ್ಲೈಯರ್‌ಗಳು ಒಂದೇ ಸ್ಮೆಲ್ಟರ್ ಕೊಟ್ಟಿರುತ್ತಾರೆ, ಒಂದು ಸಲ ಬರೆದರೆ ಸಾಕು. ದೊಡ್ಡ ಕಂಪನಿಗಳು ಇಡೀ ಕಂಪನಿಯ ಲೆಕ್ಕ ಅಂತ ಇನ್ನೂರು ಸ್ಮೆಲ್ಟರ್ ಕೊಟ್ಟುಬಿಡುತ್ತವೆ, ನೀವು ಕೊಂಡಿದ್ದು ಒಂದೇ ಕೆಪಾಸಿಟರ್ ಆದರೂ. ಬೇರೆ ದಾರಿಯಿಲ್ಲ, ಅಷ್ಟೂ ಹಾಕಿ, ಷರಾ ಖಾನೆಯಲ್ಲಿ ‘ಸಪ್ಲೈಯರ್ ಕಂಪನಿ ಮಟ್ಟದಲ್ಲಿ ಕೊಟ್ಟದ್ದು’ ಅಂತ ಬರೆಯಿರಿ. ಕೊನೆಗೆ ಚೆಕರ್ ಹಾಳೆಯಲ್ಲಿ ಕೆಂಪು ಉಳಿದಿದೆಯಾ ನೋಡಿ. ಆದರೆ ಚೆಕರ್ ನೋಡುವುದು ಖಾನೆ ಖಾಲಿಯಿದೆಯಾ ಅಂತ, ನೀವು ಬರೆದದ್ದು ನಿಜವಾ ಅಂತಲ್ಲ.

ಪಾಲಿಸಿ ಬರೆಯುವುದು

ಅದೇ ಹಾಳೆಯಲ್ಲಿ ಕೆಳಗೆ ‘ನಿಮ್ಮ ಹತ್ತಿರ ಪಾಲಿಸಿ ಇದೆಯಾ, ಜಾಲತಾಣದಲ್ಲಿ ಹಾಕಿದ್ದೀರಾ’ ಅಂತ ಕೇಳುತ್ತಾರೆ. ಇಲ್ಲದಿದ್ದರೆ ಇಲ್ಲ ಅನ್ನಿ, ಮುಂದಿನ ವರ್ಷಕ್ಕೆ ಮಾಡಿಕೊಳ್ಳಿ. ಬೇರೆ ಕಂಪನಿಯ ನಾಲ್ಕು ಪುಟ ನಕಲು ಮಾಡಿದರೆ ಅದರಲ್ಲಿ ಹೇಳಿದ್ದನ್ನೆಲ್ಲ ಮಾಡಿ ತೋರಿಸಿ ಅಂತ ಆಡಿಟ್‌ನಲ್ಲಿ ಹಿಡಿಯುತ್ತಾರೆ. ನಮ್ಮದು ಸುಮಾರಾಗಿ ಇಷ್ಟೇ:

‘ನಮ್ಮ ಉತ್ಪನ್ನಗಳಲ್ಲಿ ತವರ, ಚಿನ್ನ, ಟ್ಯಾಂಟಲಮ್, ಟಂಗ್‌ಸ್ಟನ್ ಇವೆ. ಇವುಗಳ ದುಡ್ಡು ಶಸ್ತ್ರಧಾರಿ ಗುಂಪುಗಳಿಗೆ ಹೋಗಬಾರದು ಅನ್ನುವುದು ನಮ್ಮ ನಿಲುವು. ಪ್ರತಿ ವರ್ಷ ಸಪ್ಲೈಯರ್‌ಗಳಿಂದ ಸ್ಮೆಲ್ಟರ್ ಮಾಹಿತಿ ಪಡೆದು ಆರ್‌ಎಮ್‌ಐ ಪಟ್ಟಿಯೊಂದಿಗೆ ತಾಳೆ ನೋಡುತ್ತೇವೆ. ಆಡಿಟ್ ಆಗದ ಸ್ಮೆಲ್ಟರ್ ಕಂಡರೆ ಸಪ್ಲೈಯರ್‌ಗೆ ತಿಳಿಸಿ ಆರು ತಿಂಗಳ ಸಮಯ ಕೊಡುತ್ತೇವೆ, ಸರಿಹೋಗದಿದ್ದರೆ ಬೇರೆ ಸಪ್ಲೈಯರ್ ನೋಡುತ್ತೇವೆ. ಕಾಂಗೋ ಮತ್ತು ಅದರ ನೆರೆಯ ದೇಶಗಳಿಂದ ಬಂದದ್ದು ಅನ್ನುವ ಒಂದೇ ಕಾರಣಕ್ಕೆ ಯಾವ ಲೋಹವನ್ನೂ ನಿರಾಕರಿಸುವುದಿಲ್ಲ.’

ಗಿರಾಕಿಗೆ ಇಂಗ್ಲಿಷಿನದ್ದು ಹೋಗುತ್ತದೆ, ಕನ್ನಡದ್ದನ್ನು ಸ್ಟೋರ್ ಬಾಗಿಲಿಗೆ ಅಂಟಿಸಿದ್ದೇವೆ, ಯಾಕೆಂದರೆ ಮಾಲು ಇಳಿಸಿಕೊಳ್ಳುವವರಿಗೆ ತಿಳಿಯದಿದ್ದರೆ ಪಾಲಿಸಿ ಬರೀ ಕಾಗದ.

ಪಾಲಿಸಿಯ ಕೊನೆಯ ಸಾಲಿನ ಬಗ್ಗೆ ನಮ್ಮಲ್ಲೇ ಜಗಳ ಆಗಿತ್ತು. ‘ಕಾಂಗೋದ್ದು ಬೇಡ ಅಂತ ಬರೆದರೆ ತಲೆನೋವೇ ಇರುವುದಿಲ್ಲವಲ್ಲ’ ಅಂದರು ಯಜಮಾನರು. ಆ ಪ್ರಯೋಗ ಆಗಿ ಹೋಗಿದೆ. 2010ರ ಸೆಪ್ಟೆಂಬರ್‌ನಲ್ಲಿ ಕಾಂಗೋದ ಅಧ್ಯಕ್ಷ ಕಬಿಲಾ ಪೂರ್ವದ ಪ್ರಾಂತಗಳಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿದರು, 2011ರ ಮಾರ್ಚ್‌ನಲ್ಲಿ ಆ ನಿಷೇಧ ತೆಗೆಯುವ ಹೊತ್ತಿಗೆ ಅಮೆರಿಕದ ಕಾಯ್ದೆಗೆ ಹೆದರಿದ ಕೊಳ್ಳುವವರು ಆ ಕಡೆ ತಲೆಯನ್ನೇ ಹಾಕಲಿಲ್ಲ. ಬಂದೂಕಿನವರು ಚಿನ್ನಕ್ಕೆ, ಕಳ್ಳ ದಾರಿಗೆ ಹೊರಳಿದರು. ಅಗೆದು ಹೊಟ್ಟೆ ಹೊರೆಯುತ್ತಿದ್ದವರು ಕೂಲಿ ಕಳೆದುಕೊಂಡರು. ಅಂತರರಾಷ್ಟ್ರೀಯ ಮಾರ್ಗಸೂಚಿ ಅಂತ ಎಲ್ಲರೂ ಹಿಡಿದಿರುವ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಓಇಸಿಡಿಯ ದಾಖಲೆ ಕೂಡ ಬಿಟ್ಟು ಓಡಿಹೋಗಿ ಅನ್ನುವುದಿಲ್ಲ, ಅಪಾಯ ಗುರುತಿಸಿ, ಸರಿಪಡಿಸಲು ಒತ್ತಾಯಿಸಿ ಅನ್ನುತ್ತದೆ.

ಹಾಗಂತ ಚೀಲದ ಮೇಲೆ ಟ್ಯಾಗ್ ಇದೆ ಅಂದ ಕೂಡಲೇ ನಂಬುವುದೂ ಅಲ್ಲ. ಗಣಿಯಲ್ಲೇ ಅದಿರಿನ ಚೀಲಕ್ಕೆ ಟ್ಯಾಗ್ ಹಾಕುವ ಇಟ್ಸಿ ಅನ್ನುವ ಯೋಜನೆ ವರ್ಷಗಟ್ಟಲೆ ನಡೆದಿದೆ. ಕಳ್ಳ ಅದಿರಿಗೂ ಟ್ಯಾಗ್ ಬೀಳುತ್ತಿದೆ ಅಂತ 2022ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ವರದಿ ಮಾಡಿತು, ಅದೇ ವರ್ಷ ಆರ್‌ಎಮ್‌ಐ ಆ ಯೋಜನೆಯನ್ನು ತನ್ನ ಮಾನ್ಯ ಪಟ್ಟಿಯಿಂದ ತೆಗೆಯಿತು. ನಾವು ಇಲ್ಲಿಂದ ಟ್ಯಾಗ್ ಪರೀಕ್ಷೆ ಮಾಡಲಾರೆವು. ಸ್ಮೆಲ್ಟರ್‌ಗಳ ಸ್ಥಿತಿ ಬದಲಾಗುತ್ತಿರುತ್ತದೆ ಅನ್ನುವುದನ್ನಾದರೂ ನೆನಪಿಟ್ಟುಕೊಳ್ಳಬಹುದು. ಹೋದ ವರ್ಷ ಕನ್‌ಫಾರ್ಮಂಟ್ ಇದ್ದದ್ದು ಈ ವರ್ಷ ಪಟ್ಟಿಯಲ್ಲಿ ಇಲ್ಲದೇ ಹೋಗಬಹುದು, ಹಾಗಾಗಿ ಹಳೇ ಫೈಲಿಗೆ ತಾರೀಕು ಬದಲಿಸಿ ಕಳಿಸುವ ಬುದ್ಧಿ ಬೇಡ.

ಕಳಿಸಿದ ಮೇಲೆ

ಸಪ್ಲೈಯರ್‌ಗಳ ಉತ್ತರ, ನೀವು ಬರೆದ ಮೇಲ್, ತಾಳೆ ನೋಡಿದ ದಿನದ ಪಟ್ಟಿ ಎಲ್ಲವನ್ನೂ ವರ್ಷಕ್ಕೊಂದು ಫೋಲ್ಡರ್ ಮಾಡಿ ಕನಿಷ್ಠ ಐದು ವರ್ಷ ಇಡಿ. ಉತ್ತರ ಕೊಡದ ಸಪ್ಲೈಯರ್‌ಗೆ ಮೂರು ಸಲ ಕೇಳಿದ್ದೀರಿ ಅನ್ನುವುದಕ್ಕೂ ದಾಖಲೆ ಬೇಕಾಗುತ್ತದೆ. ಗಿರಾಕಿಯಿಂದ ‘ಈ ಎರಡು ಸ್ಮೆಲ್ಟರ್ ಆಡಿಟ್ ಆಗಿಲ್ಲ, ಯಾವಾಗ ಬದಲಿಸುತ್ತೀರಿ’ ಅಂತ ಮೇಲ್ ಬಂದರೆ ಗಾಬರಿಯಾಗಬೇಡಿ, ಅವರು ನಿಮ್ಮ ಫೈಲ್ ಓದಿದ್ದಾರೆ ಅಂತ ಅರ್ಥ. ಆ ಮೇಲ್ ಅನ್ನು ಹಾಗೇ ನಿಮ್ಮ ಸೋಲ್ಡರ್ ಕಂಪನಿಗೆ ದಾಟಿಸಿ, ಉತ್ತರ ಬಂದ ಮೇಲೆ ಇವರಿಗೆ ತಾರೀಕು ಕೊಡಿ, ಬರುವ ಮೊದಲೇ ಕೊಡಬೇಡಿ.

ಮತ್ತೆ, ಇದೇ ಆಕಾರದ ಇನ್ನೊಂದು ಎಕ್ಸೆಲ್ ಇದೆ, ಇಎಮ್‌ಆರ್‌ಟಿ ಅಂತ. ಅದರಲ್ಲಿ ಕೋಬಾಲ್ಟ್, ಅಭ್ರಕ ಇಂಥವನ್ನು ಕೇಳುತ್ತಾರೆ. ಬ್ಯಾಟರಿ ಪ್ಯಾಕ್ ಜೋಡಿಸುವವರಿಗೆ ಅದು ಬಂದೇ ಬರುತ್ತದೆ. ಹೈಲೈಟರ್ ಬಿಸಾಡಬೇಡಿ.